ಥಂಡಿ ಕಾರ್ಯಾಗಾರದಲ್ಲಿ ಪಾದಗಳನ್ನು ಬೆಚ್ಚಗಿಡುವ ಕ್ರಮ

ಹುಬ್ಬಳ್ಳಿ-ಧಾರವಾಡದಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಳಗಿನ ಕನಿಷ್ಠ ಉಷ್ಣಾಂಶ ಎಷ್ಟೋ ದಿನ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುತ್ತದೆ. ಗೋಕುಲ ರಸ್ತೆಯಲ್ಲಾಗಲಿ ತಾರಿಹಾಳದಲ್ಲಾಗಲಿ ಪತ್ರಾಸಿನ ಶೆಡ್ಡಿನ ಶಟರ್ ಏರಿಸಿ, ರಾತ್ರಿಯೆಲ್ಲ ತಣ್ಣಗಾದ ಕಾಂಕ್ರೀಟ್ ನೆಲದ ಮೇಲೆ ಲೋಹವನ್ನು ತಿರುಗಿಸಿ ಕಡೆಯುವ ಲೇಥಿನ ಮುಂದೆ ನಿಂತ ಕೆಲಸಗಾರನ ಪಾದಗಳು ಸ್ವಲ್ಪ ಹೊತ್ತಿನಲ್ಲೇ ಮರಗಟ್ಟತೊಡಗುತ್ತವೆ. ಮಳೆಗಾಲದಲ್ಲಿ, ವಿಶೇಷವಾಗಿ ಮಲೆನಾಡಿನ ಅಂಚಿಗಿರುವ ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ, ಇದೇ ತೊಂದರೆ ತೇವದ ರೂಪದಲ್ಲಿ ಮತ್ತೆ ಬರುತ್ತದೆ. ಇದನ್ನು ಬರೀ ಅನುಕೂಲದ ಪ್ರಶ್ನೆ ಎಂದು ತಿಳಿಯಬಾರದು. ಮರಗಟ್ಟಿದ ಪಾದಕ್ಕೆ ನೆಲದ ಮೇಲಿನ ಎಣ್ಣೆಯ ಜಾರು ತಿಳಿಯುವುದಿಲ್ಲ, ಬೂಟಿನೊಳಗೆ ಸೇರಿದ ಕಬ್ಬಿಣದ ಚೂರು ತಿಳಿಯುವುದಿಲ್ಲ, ಮತ್ತು ಕಾಲಿನ ಕಡೆಗೆ ಹೋದ ಗಮನ ಅಷ್ಟರಮಟ್ಟಿಗೆ ತಿರುಗುವ ಯಂತ್ರದಿಂದ ದೂರವಾಗಿರುತ್ತದೆ.

ಚಳಿ ಹತ್ತಿತೆಂದರೆ ಹೆಚ್ಚಿನವರು ಮೊದಲು ದಪ್ಪ ಕಾಲುಚೀಲ ಕೊಳ್ಳುತ್ತಾರೆ, ಅದು ಸಾಲದಾದಾಗ ಕಾಯಿಲ್ ಹೀಟರ್ ತರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವೇ ತಲೆಕೆಳಗಾದದ್ದು. ಮೊದಲ ರೂಪಾಯಿಯನ್ನು ಕಾಲಿನ ಕೆಳಗಿನ ನೆಲಕ್ಕೆ ಖರ್ಚು ಮಾಡಬೇಕು. ನಂತರ ತೇವ ಮತ್ತು ಗಾಳಿಯನ್ನು ನೋಡಿಕೊಳ್ಳಬೇಕು. ಆಮೇಲೆ ಕಾಲುಚೀಲ, ಬೂಟುಗಳ ವಿಚಾರ. ಹೀಟರ್ ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಕಾರಣ ಪಾದ ತಣ್ಣಗಾಗುವ ಬಗೆಯಲ್ಲಿಯೇ ಇದೆ. ಕಾಂಕ್ರೀಟ್ ಆಗಲಿ, ನಮ್ಮ ಕಡೆ ಎಲ್ಲೆಲ್ಲೂ ಹಾಸುವ ಶಹಾಬಾದಿ ಫರಸಿಯಾಗಲಿ, ಒಣ ಕಟ್ಟಿಗೆಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಉಷ್ಣವನ್ನು ಸಾಗಿಸುತ್ತದೆ. ಅದೇ ಉಷ್ಣಾಂಶದಲ್ಲಿರುವ ಹಲಗೆ ಕಾಲಿಗೆ ಬೆಚ್ಚಗೆನಿಸುವುದು, ಫರಸಿ ಕೊರೆಯುವುದು ಇದರಿಂದಲೇ. ನಿಂತ ಮನುಷ್ಯನ ಭಾರದಿಂದ ಚಪ್ಪಲಿಯ ಅಟ್ಟೆ ಮತ್ತು ಕಾಲುಚೀಲದ ಕೆಳಭಾಗ ಒತ್ತಿ ತೆಳ್ಳಗಾಗುವುದರಿಂದ, ಅವುಗಳ ಎಳೆಗಳ ನಡುವೆ ನಿಂತಿದ್ದ ಗಾಳಿ ಹೊರಗೆ ಹೋಗುತ್ತದೆ. ಚಳಿಯನ್ನು ತಡೆಯುವುದು ಆ ನಿಶ್ಚಲ ಗಾಳಿಯೇ ಹೊರತು ಬಟ್ಟೆಯ ದಪ್ಪವಲ್ಲ. ಎರಡನೆಯ ಕಾರಣ ದೇಹದೊಳಗಿನದು. ಮನುಷ್ಯನ ಶರೀರ ತನ್ನ ಒಳಭಾಗವನ್ನು ಸುಮಾರು 37 ಡಿಗ್ರಿಯಲ್ಲಿ ಉಳಿಸಿಕೊಳ್ಳಲು ಯತ್ನಿಸುತ್ತದೆ, ಮತ್ತು ಎದೆ-ಹೊಟ್ಟೆಗೆ ಚಳಿ ತಟ್ಟಿದ ಕೂಡಲೇ ಕೈಕಾಲುಗಳ ತುದಿಯ ರಕ್ತನಾಳಗಳನ್ನು ಸಂಕುಚಿಸಿ ಅಲ್ಲಿಗೆ ಹೋಗುವ ಬಿಸಿ ರಕ್ತವನ್ನು ಕಡಿಮೆ ಮಾಡುತ್ತದೆ. ಹೀಗೆ ನೆಲವು ಕೆಳಗಿನಿಂದ ಉಷ್ಣವನ್ನು ಎಳೆಯುತ್ತಿರುವಾಗ ಮೇಲಿನಿಂದ ಬರಬೇಕಾದ ಉಷ್ಣವೂ ನಿಂತುಹೋದರೆ, ಎಷ್ಟೇ ಒಳ್ಳೆಯ ಕಾಲುಚೀಲವಿದ್ದರೂ ಅದು ಇಲ್ಲದ ಬಿಸಿಯನ್ನು ಕಾಯ್ದುಕೊಳ್ಳಲಾರದು.

ಕೆಲಸ ಆರಂಭಿಸುವ ಮೊದಲು ಎರಡು ಸಣ್ಣ ಪರೀಕ್ಷೆಗಳನ್ನು ಮಾಡಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಶೆಡ್ ತೆರೆದ ಕೂಡಲೇ ಒಂದು ಸಾಧಾರಣ ಥರ್ಮಾಮೀಟರನ್ನು ನೀವು ನಿಲ್ಲುವ ಜಾಗದಲ್ಲಿ ನೆಲಕ್ಕೆ ತಾಗುವಂತೆ ಹತ್ತು ನಿಮಿಷ ಇಟ್ಟು, ನಂತರ ಅದನ್ನೇ ಎದೆಯ ಎತ್ತರದಲ್ಲಿ ಹತ್ತು ನಿಮಿಷ ತೂಗುಹಾಕಿ. ಕೆಳಗೆ ಎರಡು-ಮೂರು ಡಿಗ್ರಿ ಕಡಿಮೆಯಿದ್ದರೆ, ತಣ್ಣನೆಯ ಭಾರವಾದ ಗಾಳಿ ಶಟರಿನ ಸಂದಿಯಿಂದ ಒಳಬಂದು ನೆಲದ ಮೇಲೆ ಹರಡಿ ನಿಂತಿದೆ ಎಂದು ತಿಳಿಯಬಹುದು. ಎರಡನೆಯದು ತೇವದ ಪರೀಕ್ಷೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಟ್ಟಿಯಾಗಿ ಅಂಟಿಸಿ, ಸಂಜೆಯಿಂದ ಮರುದಿನ ಬೆಳಿಗ್ಗೆಯವರೆಗೆ ಬಿಡಿ. ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಮಣ್ಣಿನಿಂದ ತೇವ ಏರುತ್ತಿದೆ. ಎರೆಮಣ್ಣಿನ ಮೇಲೆ ಕಟ್ಟಿದ ಹಳೆಯ ಶೆಡ್‌ಗಳಲ್ಲಿ ಇದು ಅಪರೂಪವಲ್ಲ. ಇಂತಹ ನೆಲದ ಮೇಲೆ ಏನನ್ನೇ ಹಾಸುವುದಿದ್ದರೂ ಕೆಳಗೆ ಒಂದು ಪದರ ತಾಡಪತ್ರಿ ಬೇಕೇ ಬೇಕು.

ಈಗ ನಿಲ್ಲುವ ಹಲಗೆಯ ವಿಚಾರ. ಇದನ್ನು ಯಾವ ಬಡಿಗೇರರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲರು. ಒಂದೇ ಜಾಗದಲ್ಲಿ ನಿಲ್ಲುವವರಿಗೆ ಮೂರು ಅಡಿ ಉದ್ದ, ಎರಡು ಅಡಿ ಅಗಲ ಸಾಕು. ಲೇಥಿನವರು ಯಂತ್ರದ ಉದ್ದಕ್ಕೂ ಅತ್ತಿತ್ತ ಸರಿಯಬೇಕಾದ್ದರಿಂದ ಅವರಿಗೆ ಐದಾರು ಅಡಿಯ ಹಲಗೆ ಬೇಕಾಗುತ್ತದೆ. ಎರಡು ಇಂಚು ಅಗಲ, ಒಂದು ಇಂಚು ದಪ್ಪದ ಕಟ್ಟಿಗೆಯ ರೀಪರ್ ಪಟ್ಟಿಗಳನ್ನು ಎಂಟು-ಒಂಬತ್ತು ಇಂಚಿಗೊಂದರಂತೆ ಜೋಡಿಸಿ, ಮೇಲೆ ಪಟ್ಟಿ ಅಥವಾ ಪ್ಲೈವುಡ್ ಹೊಡೆಯಬೇಕು. ಯಾವುದು ಎಂಬುದು ಕೆಲಸದ ಮೇಲೆ ಅವಲಂಬಿತ. ಲೇಥ್, ಡ್ರಿಲಿಂಗ್ ಯಂತ್ರಗಳ ಮುಂದೆ ಕಬ್ಬಿಣದ ಸುರುಳಿ ಚೂರು ಮತ್ತು ಕೂಲಂಟ್ (ಕೊರೆಯುವಾಗ ತಂಪಿಗೆ ಸುರಿಯುವ ದ್ರವ) ಬೀಳುತ್ತಲೇ ಇರುತ್ತದೆ. ಅಲ್ಲಿ ಪಟ್ಟಿಗಳ ನಡುವೆ ಒಂದು ಸೆಂಟಿಮೀಟರ್ ಸಂದಿ ಬಿಟ್ಟರೆ ಚೂರೂ ನೀರೂ ಕೆಳಗಿಳಿದು ಕಾಲಿನ ಜಾಗ ಒಣಗಿರುತ್ತದೆ. ಕಟ್ಟಿಗೆ ಕೆಲಸದಲ್ಲಿ ಸಂದಿ ಬಿಟ್ಟರೆ ಹೊಟ್ಟು ಒಳಗೆ ತುಂಬಿ, ತೇವ ಹಿಡಿದು ಹುಳ ಬೀಳುವುದರಿಂದ, ಮೇಲೆ 12 ಮಿಲಿಮೀಟರ್ ಪ್ಲೈವುಡ್ ಮುಚ್ಚುವುದೇ ಸರಿ. ಪ್ಲೈವುಡ್ ಕೊಳ್ಳುವಾಗ ತೇವ ತಾಳುವ ದರ್ಜೆಯದನ್ನೇ ಕೇಳಿ ಪಡೆಯಬೇಕು. ಸಾದಾ ದರ್ಜೆಯ ಹಲಗೆ ಒಂದು ಮಳೆಗಾಲಕ್ಕೇ ಪದರು ಬಿಡುತ್ತದೆ.

ಮುಚ್ಚಿದ ಹಲಗೆಯಾದರೆ ರೀಪರ್‌ಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಇಂಚಿನ ಥರ್ಮೋಕೋಲ್ ತುಂಬಬಹುದು. ಭಾರವನ್ನು ರೀಪರ್ ಹೊರುವುದರಿಂದ ಥರ್ಮೋಕೋಲ್ ಒತ್ತುವುದಿಲ್ಲ, ಮತ್ತು ಅದರೊಳಗೆ ಸೆರೆಯಾದ ಗಾಳಿ ಹಾಗೆಯೇ ಉಳಿಯುತ್ತದೆ. ನೀವು ಮಾಡಬಹುದಾದ ಎಲ್ಲ ಏರ್ಪಾಡುಗಳಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಡುವುದು ಇದೇ. ಆದರೆ ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡಿಂಗ್ ನಡೆಯುವ ಜಾಗದಲ್ಲಿ ಥರ್ಮೋಕೋಲ್ ಸರ್ವಥಾ ಕೂಡದು. ಅದು ಬೇಗ ಹೊತ್ತಿಕೊಂಡು ದಟ್ಟ ಕಪ್ಪು ಹೊಗೆ ಬಿಡುತ್ತದೆ. ಅಂತಹ ಕಡೆ ಕಟ್ಟಿಗೆಯ ಹಲಗೆಯ ಮೇಲೆಯೂ ತಗಡು ಹೊದಿಸಬೇಕು. ಇದರಿಂದ ಪಾದಕ್ಕೆ ಹೆಚ್ಚಿನ ನಷ್ಟವಿಲ್ಲ, ಏಕೆಂದರೆ ತಗಡಿನ ಕೆಳಗಿನ ಕಟ್ಟಿಗೆಯೇ ಉಷ್ಣದ ದಾರಿಯನ್ನು ಕಟ್ಟಿಹಾಕುತ್ತದೆ.

ಹಲಗೆ ಜಾರದಂತೆ ರೀಪರ್‌ನ ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಮೊಳೆ ಹೊಡೆದು ಕೂಡಿಸಬೇಕು. ಅಂಚುಗಳಲ್ಲಿ ಕಾಲು ತೊಡರದಂತೆ ಇಳಿಜಾರು ಪಟ್ಟಿ ಕೊಟ್ಟು, ಅದಕ್ಕೆ ಹಳದಿ ಬಣ್ಣ ಬಳಿದರೆ ಇನ್ನೂ ಸುರಕ್ಷಿತ. ಹಲಗೆಯ ಮೇಲೆ ನಿಂತಾಗ ನಿಮ್ಮ ಎತ್ತರ ಒಂದೂವರೆ-ಎರಡು ಇಂಚು ಹೆಚ್ಚುವುದನ್ನು ಮರೆಯಬಾರದು. ಕುಳ್ಳಗಿರುವವರಿಗೆ ಇದರಿಂದ ಯಂತ್ರ ಮೊಣಕೈಯ ಮಟ್ಟಕ್ಕೆ ಬಂದು ಅನುಕೂಲವೇ ಆಗುತ್ತದೆ. ಎತ್ತರದವರು ಬೆನ್ನು ಬಗ್ಗಿಸಬೇಕಾಗಿ ಬಂದರೆ, ಹಲಗೆಯ ಬದಲು ದಪ್ಪ ರಬ್ಬರ್ ಮ್ಯಾಟ್ ಅಥವಾ ಹಳೆಯ ಕನ್ವೇಯರ್ ಬೆಲ್ಟಿನ ಎರಡು ಪದರ ಹಾಸಿಕೊಳ್ಳುವುದು ಮೇಲು. ವಾರಕ್ಕೊಮ್ಮೆ ಹಲಗೆಯನ್ನು ಎತ್ತಿ ಕೆಳಗೆ ಗುಡಿಸಲೇಬೇಕು. ಗೆದ್ದಲಿನ ಭಯವಂತೂ ಇದ್ದೇ ಇದೆ, ಅದರ ಜೊತೆಗೆ ಗದಗ, ಹಾವೇರಿಯ ಕಡೆ ಇಂತಹ ಕತ್ತಲೆಯ ಸಂದಿಗಳಲ್ಲಿ ಚೇಳು ಸೇರಿಕೊಳ್ಳುತ್ತದೆ. ಎತ್ತುವಾಗ ಬರಿಗೈಯನ್ನು ಕೆಳಗೆ ತೂರಿಸದೆ ಒಂದು ಸಲಾಕೆಯಿಂದ ಮೀಟಿ ಎತ್ತಬೇಕು.

ಹಲಗೆಗೆ ಹಣವಿಲ್ಲದಿದ್ದಾಗ ಜನ ಗೋಣಿಚೀಲ ಮಡಚಿ ಹಾಕಿಕೊಳ್ಳುತ್ತಾರೆ. ಒಣಗಿರುವವರೆಗೆ ಅದು ಉಪಯುಕ್ತ. ಕೆಳಗೆ ದಪ್ಪ ರಟ್ಟು ಇಟ್ಟರೆ ಇನ್ನೂ ಒಳ್ಳೆಯದು. ತೇವವಾದ ದಿನ ಮಾತ್ರ ಅದನ್ನು ತೆಗೆದುಬಿಡಬೇಕು. ತಿರುಗುವ ಯಂತ್ರದ ಹತ್ತಿರ ಸಡಿಲವಾದ ಚೀಲ, ಚಿಂದಿ ಬಟ್ಟೆ ಯಾವುದೂ ಇರಬಾರದು.

ನೇಕಾರರ ಸ್ಥಿತಿ ಬೇರೆಯಾದದ್ದರಿಂದ ಅದನ್ನು ಪ್ರತ್ಯೇಕವಾಗಿ ಹೇಳಬೇಕು. ಗದಗ-ಬೆಟಗೇರಿಯಲ್ಲಿ, ಗಜೇಂದ್ರಗಡದಲ್ಲಿ ಗುಂಡಿಮಗ್ಗದ ಮೇಲೆ ಕೂತವರ ಕಾಲುಗಳು ದಿನವಿಡೀ ನೆಲಮಟ್ಟಕ್ಕಿಂತ ಕೆಳಗಿರುತ್ತವೆ. ಮಣ್ಣು ಆಳಕ್ಕೆ ಹೋದಂತೆ ಹೊರಗಿನ ಚಳಿ-ಸೆಕೆಗಳನ್ನು ನಿಧಾನವಾಗಿ ಅನುಸರಿಸುವುದರಿಂದ, ಚಳಿಗಾಲದ ಮುಂಜಾನೆ ಗುಂಡಿಯ ಗೋಡೆ ಹೊರಗಿನ ಗಾಳಿಯಷ್ಟು ತಣ್ಣಗಿರುವುದಿಲ್ಲ. ತೊಂದರೆ ಬರುವುದು ಮೇಲಿನಿಂದ ಇಳಿದು ಗುಂಡಿಯಲ್ಲಿ ನಿಲ್ಲುವ ತಣ್ಣನೆಯ ಗಾಳಿಯಿಂದ ಮತ್ತು ಮಳೆಗಾಲದ ತೇವದಿಂದ. ಈ ತೇವವನ್ನು ಪೂರ್ತಿ ಒಣಗಿಸುವುದೂ ತರವಲ್ಲ, ಏಕೆಂದರೆ ಹತ್ತಿಯ ನೂಲು ಒಣಹವೆಯಲ್ಲಿ ಹೆಚ್ಚು ಹರಿಯುತ್ತದೆ, ಗುಂಡಿಯ ತಂಪು ನೂಲಿಗೆ ಬೇಕಾದದ್ದು. ಹೀಗಾಗಿ ನೂಲಿನ ತೇವವನ್ನು ಬಿಟ್ಟು, ಕಾಲಿಗೆ ತಾಗುವ ತೇವವನ್ನಷ್ಟೇ ತಡೆಯಬೇಕು. ಗುಂಡಿಯ ತಳಕ್ಕೆ ತಾಡಪತ್ರಿ ಹಾಸಿ ಮೇಲೆ ಪಟ್ಟಿಯ ಹಲಗೆ ಇಡುವುದು, ಕಾಲಿನಿಂದ ತುಳಿಯುವ ಹಲಗೆಗಳಿಗೆ ಹಳೆಯ ಕಂಬಳಿಯ ತುಂಡನ್ನು ಬಿಗಿಯಾಗಿ ಸುತ್ತಿ ಹೊಲಿಯುವುದು, ಮೊಣಕಾಲಿನ ಮೇಲೆ ಗುಂಡಿಯ ಬಾಯಿ ಮುಚ್ಚುವಂತೆ ಕಂಬಳಿ ಹೊದ್ದುಕೊಳ್ಳುವುದು, ಈ ಮೂರು ಸಾಕು. ನೇಕಾರರು ಬರಿಗಾಲಲ್ಲಿ ತುಳಿಯುವುದಕ್ಕೆ ಕಾರಣವಿದೆ. ಯಾವ ಹಲಗೆ ಎಷ್ಟು ಇಳಿಯಿತು ಎಂಬುದನ್ನು ಪಾದವೇ ಹೇಳಬೇಕು. ಆದ್ದರಿಂದ ಅವರಿಗೆ ಬೂಟು ಹಾಕಿಕೊಳ್ಳಿ ಎನ್ನುವುದರಲ್ಲಿ ಅರ್ಥವಿಲ್ಲ, ತೆಳುವಾದ ಉಣ್ಣೆಯ ಕಾಲುಚೀಲವೇ ಮಿತಿ.

ಕಂಬಳಿಯ ಮಾತು ಬಂದಿದ್ದರಿಂದ ಒಂದು ವಿಷಯ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಂತಹ ಊರುಗಳಲ್ಲಿ ಕುರಿಯ ಉಣ್ಣೆಯಿಂದ ಕೈಮಗ್ಗದಲ್ಲಿ ನೇಯ್ದ ಕರಿಕಂಬಳಿ ನಮ್ಮ ಚಳಿಗೆ ಮತ್ತು ನಮ್ಮ ಕೆಲಸಕ್ಕೆ ಹೇಳಿಮಾಡಿಸಿದ ವಸ್ತು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮುಟ್ಟಿದರೆ ಹಸಿ ಎನಿಸುವುದಿಲ್ಲ. ಕಿಡಿ ಬಿದ್ದರೆ ಅಕ್ರಿಲಿಕ್, ನೈಲಾನ್‌ಗಳಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ, ಹತ್ತಿಯಂತೆ ಬೇಗ ಹೊತ್ತುವುದೂ ಇಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣಬಣ್ಣದ ಬ್ಲಾಂಕೆಟ್‌ಗಿಂತ ಕಂಬಳಿ ಚುಚ್ಚುತ್ತದೆ ನಿಜ, ಆದರೆ ಕಾರ್ಯಾಗಾರದಲ್ಲಿ ನಾನು ಬಯಸುವುದು ಅದನ್ನೇ. ನೆಲದ ಮೇಲೆ ಕಾಲು ಮಡಚಿ ಕೂತು ಕೆಲಸ ಮಾಡುವ ಪತ್ತಾರರು, ಚಮ್ಮಾರರು ನಾಲ್ಕು ಮಡಿಕೆ ಕಂಬಳಿಯನ್ನು ಚಾಪೆಯ ಮೇಲೆ ಹಾಕಿಕೊಂಡರೆ ಬೇರೆ ಏರ್ಪಾಡೇ ಬೇಕಾಗುವುದಿಲ್ಲ.

ಗಾಳಿಯನ್ನು ತಡೆಯುವುದು ಸುಲಭ. ಶಟರಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಕೂಡಿಸಬಹುದು, ಇಲ್ಲವೇ ಮರಳು ತುಂಬಿ ಹೊಲಿದ ಉದ್ದನೆಯ ಗೋಣಿಚೀಲವನ್ನು ಅಡ್ಡ ಇಡಬಹುದು. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಮೂಡಣದಿಂದ ಬೀಸುವುದರಿಂದ ಆ ಕಡೆಯ ಸಂದಿಗಳನ್ನು ಮೊದಲು ಮುಚ್ಚಬೇಕು. ಬಿಸಿಲೂ ಅದೇ ದಿಕ್ಕಿನಿಂದ ಬರುವುದರಿಂದ, ಪೂರ್ವದ ಕಿಟಕಿಗೆ ಗಾಜು ಅಥವಾ ಪಾರದರ್ಶಕ ಶೀಟ್ ಇದ್ದರೆ ಬೆಳಗಿನ ಕೆಲಸವನ್ನು ಆ ಬಿಸಿಲಿನ ಪಟ್ಟಿಯಲ್ಲಿ ಮಾಡುವಂತೆ ಮೇಜನ್ನು ಸರಿಸಿಕೊಳ್ಳಬಹುದು. ಪೇಂಟ್, ಥಿನ್ನರ್ ಬಳಸುವ ಕಡೆ ಮಾತ್ರ ಮೇಲಿನ ಗವಾಕ್ಷಿಗಳನ್ನು ಎಂದೂ ಮುಚ್ಚಬಾರದು.

ಕಾಲುಚೀಲದ ವಿಷಯದಲ್ಲಿ ದಪ್ಪಕ್ಕಿಂತ ಒಣಗಿರುವುದು ಮುಖ್ಯ. ನೀರು ನಿಶ್ಚಲ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಉಷ್ಣವನ್ನು ಸಾಗಿಸುತ್ತದೆ. ಬೆವರಿನಿಂದ ಹಸಿಯಾದ ಹತ್ತಿಯ ಕಾಲುಚೀಲ ತನ್ನ ಗಾಳಿಯನ್ನೆಲ್ಲ ಕಳೆದುಕೊಂಡು ತಣ್ಣನೆಯ ಪಟ್ಟಿಯಾಗಿಬಿಡುತ್ತದೆ. ಬೆಳಿಗ್ಗೆ ಮನೆಯಿಂದ ಸೈಕಲ್ ತುಳಿದು ಅಥವಾ ನಡೆದು ಬಂದವರ ಕಾಲು ದಾರಿಯಲ್ಲೇ ಬೆವೆತಿರುತ್ತದೆ. ಹೀಗಾಗಿ ಕಾರ್ಯಾಗಾರದಲ್ಲಿ ಒಂದು ಒಣ ಜೊತೆ ಇಟ್ಟುಕೊಂಡು ಕೆಲಸ ಆರಂಭಿಸುವ ಮುನ್ನ ಬದಲಿಸುವುದು, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೊಮ್ಮೆ ಬದಲಿಸುವುದು ಬಹಳ ಸಣ್ಣ ಅಭ್ಯಾಸ, ಆದರೆ ಫಲ ದೊಡ್ಡದು. ಉಣ್ಣೆ ಅಥವಾ ಉಣ್ಣೆ ಬೆರೆತ ಚೀಲ ಸಿಕ್ಕರೆ ಉತ್ತಮ. ಎರಡು ಜೊತೆ ಒಂದರ ಮೇಲೊಂದು ಹಾಕಿ ಬೂಟಿನೊಳಗೆ ತುರುಕಿದರೆ ಬೆರಳಿಗೆ ರಕ್ತ ಹೋಗದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಬೂಟು ಕೊಳ್ಳಲು ಸಂಜೆ ಹೋಗಬೇಕು, ಏಕೆಂದರೆ ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ. ಚಳಿಗಾಲದ ಕಾಲುಚೀಲವನ್ನು ಹಾಕಿಕೊಂಡೇ ಅಳತೆ ನೋಡಿ, ಒಳಗೆ ಐದೂ ಬೆರಳುಗಳು ಆಡುವಷ್ಟು ಜಾಗವಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಸೇಫ್ಟಿ ಬೂಟಾದರೆ ಐ.ಎಸ್. 15298 ಎಂಬ ಭಾರತೀಯ ಮಾನಕದ ಗುರುತು ಇದೆಯೇ ಎಂದು ನೋಡಬೇಕು. ಗಟ್ಟಿ ಪಿ.ವಿ.ಸಿ. ಅಟ್ಟೆಗಿಂತ ಸಣ್ಣ ಗಾಳಿಗುಳ್ಳೆಗಳುಳ್ಳ ಪಿ.ಯು. (ಪಾಲಿಯುರೆಥೇನ್) ಅಟ್ಟೆ ಹೆಚ್ಚು ಬೆಚ್ಚಗಿರುತ್ತದೆ. ಮುಂದಿನ ಉಕ್ಕಿನ ಟೋಪಿಯಿಂದ ಬೆರಳು ತಣ್ಣಗಾಗುತ್ತದೆ ಎಂದು ಕೆಲವರು ಸೇಫ್ಟಿ ಬೂಟನ್ನೇ ಬಿಟ್ಟು ಚಪ್ಪಲಿಯಲ್ಲಿ ನಿಲ್ಲುವುದುಂಟು. ಹಾಗೆ ಮಾಡಲೇಬಾರದು, ಅಷ್ಟೊಂದು ತೊಂದರೆಯಾದರೆ ಲೋಹವಿಲ್ಲದ ಕಾಂಪೋಸಿಟ್ ಟೋಪಿಯ ಬೂಟು ಸಿಗುತ್ತದೆ. ಒಳಗೆ ಹಾಕುವ ಅಟ್ಟೆಗಳಲ್ಲಿ ಫೆಲ್ಟ್ ಅಥವಾ ಕಾರ್ಕ್‌ನದು ಒಳ್ಳೆಯದು. ಹೊಳೆಯುವ ಅಲ್ಯೂಮಿನಿಯಂ ಪದರವಿರುವ ಒಳ ಅಟ್ಟೆಗೆ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ, ಏಕೆಂದರೆ ಭಾರದ ಕೆಳಗೆ ಒತ್ತಿ ತಾಗಿರುವ ಜಾಗದಲ್ಲಿ ಹೊಳಪಿನಿಂದ ಉಷ್ಣ ಮರಳುವುದಿಲ್ಲ.

ರಾತ್ರಿ ಬೂಟನ್ನು ಬಿಚ್ಚಿದ ಕೂಡಲೇ ಒಳ ಅಟ್ಟೆಯನ್ನು ಹೊರತೆಗೆದು, ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದುರಿ ತುಂಬಿಟ್ಟರೆ ಬೆಳಗಿನ ಹೊತ್ತಿಗೆ ತೇವವನ್ನು ಹೀರಿರುತ್ತವೆ. ಒಲೆಯ ಪಕ್ಕದಲ್ಲಿ ಒಣಗಿಸಿದ ಚರ್ಮ ಸೀಳುತ್ತದೆ. ಎರಡು ಜೊತೆ ಬೂಟಿಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು ಸಾಧ್ಯವಿದ್ದವರಿಗೆ ಅದಕ್ಕಿಂತ ಮೇಲಾದ ಉಪಾಯವಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಲ್ಲಿ ಚೀಲ ಹೊರುವ ಹಮಾಲರಿಗೆ ಚಳಿ ಬೇಸಿಗೆಯಲ್ಲೂ ತಪ್ಪಿದ್ದಲ್ಲ. ಹೊರಗಿನ ಬಿಸಿಲಿನಲ್ಲಿ ಬೆವೆತ ಕಾಲು ಒಳಗಿನ ಕೊರೆತಕ್ಕೆ ಹೋಗುವುದೇ ಅಲ್ಲಿನ ಮುಖ್ಯ ಅಪಾಯವಾದ್ದರಿಂದ, ಒಳಗೆ ಹೋಗುವ ಮುನ್ನ ಕಾಲು ಒರೆಸಿ ಒಣ ಉಣ್ಣೆಯ ಚೀಲ ಹಾಕಿಕೊಳ್ಳುವುದು ಮತ್ತು ಒಳಗಿರುವ ಅವಧಿಯನ್ನು ಸಣ್ಣ ಸಣ್ಣ ಸರದಿಗಳಾಗಿ ಹಂಚಿಕೊಳ್ಳುವುದು ಅವಶ್ಯ. ಇದನ್ನು ಕೆಲಸಗಾರನೊಬ್ಬನೇ ಮಾಡಿಕೊಳ್ಳಲಾರ, ಮಾಲೀಕರು ಏರ್ಪಡಿಸಬೇಕು.

ಪಾದಕ್ಕೆ ಬಿಸಿ ರಕ್ತ ಬರಬೇಕಾದರೆ ಮೈ ಬೆಚ್ಚಗಿರಬೇಕು ಎಂದೆನಷ್ಟೆ. ಒಳಗೊಂದು ಉಣ್ಣೆಯ ಬನಿಯನ್, ಕಿವಿ ಮುಚ್ಚುವ ಟೋಪಿ ಮತ್ತು ಮೊಣಕಾಲಿನಿಂದ ಕೆಳಗೆ ಕಾಲಿಗೆ ಹೊದಿಕೆ, ಇವು ಎರಡನೇ ಜೊತೆ ಕಾಲುಚೀಲಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಮಫ್ಲರ್ ಮಾತ್ರ ತಿರುಗುವ ಯಂತ್ರದ ಹತ್ತಿರ ಕೂಡದು. ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ನಿಲ್ಲಬಾರದು. ರೊಟ್ಟಿ-ಪಲ್ಯವನ್ನೋ ಉಪ್ಪಿಟ್ಟನ್ನೋ ತಿಂದು ಬಂದ ದೇಹ ತನ್ನ ಉಷ್ಣವನ್ನು ತಾನೇ ಉತ್ಪಾದಿಸುತ್ತದೆ. ನಿಂತಲ್ಲೇ ನಿಲ್ಲುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿದರೆ ಮೀನಖಂಡದ ಸ್ನಾಯುಗಳು ಕೆಳಗೆ ನಿಂತ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಚಳಿಗೆ ಬೀಡಿ ಸೇದಿದರೆ, ಗುಟಕಾ ಹಾಕಿದರೆ ಬೆಚ್ಚಗಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಸ್ತವದಲ್ಲಿ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ ಪಾದವನ್ನು ಮತ್ತಷ್ಟು ತಣ್ಣಗೆ ಮಾಡುತ್ತದೆ. ಒಂದು ಲೋಟ ಬಿಸಿ ಚಹಾ ಅದಕ್ಕಿಂತ ಎಷ್ಟೋ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ ಹೊರಗಿನ ಬಿಸಿಯನ್ನು ಬಳಸಬಹುದು. ಸಂದಿಗಳಿರುವ ಶೆಡ್ಡಿನಲ್ಲಿ ಬಿಸಿಗಾಳಿ ಊದುವ ಹೀಟರ್ ವ್ಯರ್ಥ, ಬಿಸಿಯಾದ ಗಾಳಿ ಏರಿ ಪತ್ರಾಸಿನ ಕಡೆ ಹೋಗುತ್ತದೆ. ಕಾಲಿಗೆಂದೇ ತಯಾರಾದ ನೂರು ವ್ಯಾಟಿನ ಬಿಸಿ ಮ್ಯಾಟ್ ಅಥವಾ ಫಲಕ ಹತ್ತು ತಾಸು ಉರಿದರೂ ಒಂದೇ ಯೂನಿಟ್ ಕರೆಂಟ್ ತಿನ್ನುತ್ತದೆ, ಆದರೆ ಸಾವಿರ ವ್ಯಾಟಿನ ಕಾಯಿಲ್ ಹೀಟರ್ ಒಂದೇ ತಾಸಿನಲ್ಲಿ ಅಷ್ಟನ್ನು ಮುಗಿಸುತ್ತದೆ. ನೆಲ ಹಸಿಯಾಗುವ ಕಡೆ ಇವುಗಳ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು. ಕೂತು ಕೆಲಸ ಮಾಡುವವರಿಗೆ ಬಟ್ಟೆ ಸುತ್ತಿದ ಬಿಸಿನೀರಿನ ರಬ್ಬರ್ ಚೀಲವೇ ಸಾಕು.

ಇದ್ದಿಲಿನ ಶೆಗಡಿಯ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕು: ಶಟರ್ ಇಳಿಸಿದ ಶೆಡ್ಡಿನೊಳಗೆ ಅದನ್ನು ಇಟ್ಟುಕೊಳ್ಳಬೇಡಿ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಜೋಂಪು, ವಾಕರಿಕೆ ಕಂಡರೆ ಕೂಡಲೇ ಹೊರಗೆ ಬಂದು, ಇತರರನ್ನೂ ಹೊರಗೆ ಕರೆತಂದು, ಆಸ್ಪತ್ರೆಗೆ ಹೋಗಬೇಕು. ಕಟ್ಟಿಗೆಯ ಹೊಟ್ಟು, ಥಿನ್ನರ್ ಇರುವ ಕಡೆಯಂತೂ ಬಾಗಿಲು ತೆರೆದಿದ್ದರೂ ಶೆಗಡಿ ಕೂಡದು.

ಮರಗಟ್ಟಿದ ಪಾದವನ್ನು ಬೆಂಕಿಗೆ ನೇರವಾಗಿ ಚಾಚುವುದೂ ತಪ್ಪು, ಏಕೆಂದರೆ ಸುಡುವುದು ತಿಳಿಯುವುದಿಲ್ಲ, ಮತ್ತು ಅವಸರದ ಬಿಸಿಯಿಂದ ಬೆರಳುಗಳು ಕೆಂಪಾಗಿ ಊದಿ ತುರಿಸತೊಡಗುತ್ತವೆ. ಮೊದಲು ಒಣಗಿಸಿ, ಕಂಬಳಿಯಲ್ಲಿ ಸುತ್ತಿ, ನಿಧಾನವಾಗಿ ಬೆಚ್ಚಗಾಗಲು ಬಿಡಬೇಕು. ಸಕ್ಕರೆ ಕಾಯಿಲೆ ಇರುವವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿರಬಹುದಾದ್ದರಿಂದ ಅವರು ಬಿಸಿನೀರಿನ ಚೀಲ, ಹೀಟರ್, ಬಿಸಿ ಮ್ಯಾಟ್‌ಗಳನ್ನು ಪಾದಕ್ಕೆ ಬಳಸಲೇಬಾರದು. ಹಲಗೆ, ಉಣ್ಣೆ ಮತ್ತು ಬೆರಳಿಗೆ ಬಿಗಿಯಾಗದ ಬೂಟುಗಳೇ ಅವರ ಸಾಧನ, ಮತ್ತು ಪ್ರತಿದಿನ ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳುವುದು ಅವರ ಕರ್ತವ್ಯ. ಚಳಿ ಹೆಚ್ಚಿಲ್ಲದ ದಿನವೂ ಬೆರಳುಗಳು ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುತ್ತಿದ್ದರೆ, ಒಂದೇ ಪಾದ ತಣ್ಣಗಿದ್ದರೆ, ಅಥವಾ ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುತ್ತಿದ್ದರೆ, ಅದು ನೆಲದ ಥಂಡಿಯಲ್ಲ, ರಕ್ತನಾಳಗಳ ತೊಂದರೆ ಇರಬಹುದು. ಹೊಸ ಬೂಟು ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ.